ಲೆಕ್ಕ ಬರೆದವನ ಸಾಕ್ಷಿ

ನಿಮ್ಮ ಮನೆಯಲ್ಲಿ ಯಾರಾದರೂ ಅಂಗಡಿಯಲ್ಲೋ ಕಂಪೆನಿಯಲ್ಲೋ ಲೆಕ್ಕ ಬರೆಯುವ ಕೆಲಸದಲ್ಲಿದ್ದರೆ ಇದನ್ನು ಅವರಿಗೂ ಓದಲು ಕೊಡಿ.

ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಬರುವಷ್ಟರಲ್ಲಿ ತಿಕೋಟಾದ ಯುವಕನೊಬ್ಬ ವಿಜಯಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಹಿಂದೆ ನನ್ನ ವಿದ್ಯಾರ್ಥಿ. ಬಿ.ಕಾಂ. ಮುಗಿಸಿ ನಗರದ ಒಂದು ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದ. ಆ ಸಂಸ್ಥೆ ಒಣದ್ರಾಕ್ಷಿ ವ್ಯಾಪಾರಕ್ಕೆಂದು ಜನರಿಂದ ಹಣ ಪಡೆದು ತಿಂಗಳಿಗಿಷ್ಟು ‘ಲಾಭ’ ಹಂಚುತ್ತಿತ್ತು. ಬಡ್ಡಿಯಲ್ಲ, ಪಾಲು ಎಂದು ಹೇಳಿಕೊಳ್ಳುತ್ತಿತ್ತು. ಒಂದು ತಿಂಗಳು ಲಾಭ ನಿಂತಿತು, ಮರುತಿಂಗಳು ದೂರು ದಾಖಲಾಯಿತು. ಈಗ ಪೊಲೀಸರು ಇವನನ್ನು ಹೇಳಿಕೆಗೆ ಕರೆದಿದ್ದರು.

“ಸರ, ಬರದಾಂವ ನಾನ ಖರೇರಿ. ಆದ್ರ ಬರಿಸಿದಾಂವ ನಾ ಅಲ್ಲ. ಈಗ ಹೋಗಿ ಏನ್ ಹೇಳ್ಲಿರಿ?”

ಕೆಲಸಕ್ಕೆ ಸೇರುವಾಗಲೂ ಅವನು ನನ್ನನ್ನು ಕೇಳಿದ್ದ. ಬಡ್ಡಿಯ ವ್ಯವಹಾರ ಇಲ್ಲವಷ್ಟೇ, ಸೇರು ಎಂದಿದ್ದೆ. ಲಾಭ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಮದ್ರಸದಲ್ಲಿ ಓದಿದವನು, ಮೇಲೆ ಬಿ.ಎ. ಪದವಿ ಬೇರೆ! ಕೇಳಬೇಕಿತ್ತು.

ಆ ಸಂಜೆ ಕೇಳಿದೆ. ಅವನು ಹೇಳಿದ್ದು ಇಷ್ಟು. ರೋಜಕೀರ್ದಿಯಲ್ಲಿ ಬೆಳಿಗ್ಗೆ ಹೊಸಬರ ಹಣ ಜಮಾ ಆಗುತ್ತಿತ್ತು. ಮಧ್ಯಾಹ್ನ ಅದೇ ಹಣ ಹಳಬರಿಗೆ ಲಾಭವೆಂದು ಹೋಗುತ್ತಿತ್ತು. ಖಾತೆಯಲ್ಲಿ ಮಾತ್ರ ಅದು ಒಣದ್ರಾಕ್ಷಿ ಮಾರಾಟದಿಂದ ಬಂದ ಹಣ. ಮಾರಾಟವಾಗಿದ್ದರೆ ತೂಕದ ಚೀಟಿ ಇರಬೇಕು, ಲಾರಿ ಬಾಡಿಗೆ ಇರಬೇಕು, ಕೋಲ್ಡ್ ಸ್ಟೋರೇಜಿನ ರಸೀದಿ ಇರಬೇಕು. ಒಂದೂ ಇರಲಿಲ್ಲ. ಮಾಲು ಹೋಗದೆ ರೊಕ್ಕ ಹೇಗೆ ಬಂತೆಂದು ಒಮ್ಮೆ ಮಾಲೀಕರನ್ನು ಕೇಳಿದ್ದನಂತೆ. “ನೀ ಬರಿಯಾಂವ, ಬರಿ” ಎಂಬ ಉತ್ತರ ಬಂತು. ಮನೆಯಲ್ಲಿ ತಾಯಿಯ ಔಷಧಿ, ತಂಗಿಯ ಓದು. ಬರೆದ.

ಅವನನ್ನು ಹೆಚ್ಚು ಕಾಡುತ್ತಿದ್ದುದು ಪೊಲೀಸರಲ್ಲ, ಬಬಲೇಶ್ವರದಲ್ಲಿರುವ ತಾಯಿಯ ಕಡೆಯ ಒಬ್ಬ ಖಾಲಾ. ವಿಧವೆ. ಮಗಳ ಮದುವೆಗೆಂದು ಕೂಡಿಟ್ಟಿದ್ದನ್ನು ಅಲ್ಲಿ ಹಾಕಿದ್ದರು. ತಿಕೋಟಾದ ಮನೆಯ ಬಾಗಿಲಿಗೇ ಬಂದು, “ನಿನ್ನ ಅಕ್ಷರಾ ನೋಡಿ ರೊಕ್ಕಾ ಕೊಟ್ಟೀನಪಾ” ಎಂದು ಅತ್ತಿದ್ದರು. ರಸೀದಿ ಇವನ ಕೈಬರಹದ್ದು.

ಇಂಥ ಕತೆ ನಮ್ಮಲ್ಲಿ ಹೊಸದೇನೂ ಅಲ್ಲ. ಬೆಂಗಳೂರಿನ ಐಎಂಎ ನಿಮಗೆ ನೆನಪಿರಬಹುದು. ಮುಹಮ್ಮದ್ ಮನ್ಸೂರ್ ಖಾನ್ 2006ರಲ್ಲಿ ಆರಂಭಿಸಿದ ಸಂಸ್ಥೆ. ‘ಹಲಾಲ್ ಹೂಡಿಕೆ’ ಎಂಬ ಎರಡು ಪದಗಳನ್ನು ನಂಬಿ ಜನ ಒಡವೆ ಮಾರಿ ಹಣ ತಂದರು. 2019ರ ಜೂನ್‌ನಲ್ಲಿ ಅವರ ಧ್ವನಿಮುದ್ರಿಕೆಯೊಂದು ಹರಿದಾಡಿತು. ಅಷ್ಟರಲ್ಲಿ ಅವರು ದುಬೈ ಸೇರಿದ್ದರು. ಜುಲೈಯಲ್ಲಿ ದಿಲ್ಲಿಯಲ್ಲಿ ಬಂಧನವಾಯಿತು. ಆಗಸ್ಟ್‌ನಲ್ಲಿ ತನಿಖೆ ಸಿಬಿಐಗೆ ಹೋಯಿತು. ದೂರುಗಳ ಸಂಖ್ಯೆ 40 ಸಾವಿರ ದಾಟಿತ್ತು.

ಅಲ್ಲಿಯ ದಾಖಲೆ ಹೇಗಿತ್ತು ಗೊತ್ತೇ? ಹಣ ಕೊಟ್ಟವರನ್ನು ಠೇವಣಿದಾರರೆಂದು ಬರೆಯಲಿಲ್ಲ, ಪಾಲುದಾರರೆಂದು ಬರೆದರು. ಎಲ್ಎಲ್‌ಪಿ ಎಂಬ ಬಗೆಯ ಪಾಲುದಾರಿಕೆಯಲ್ಲಿ ಎಷ್ಟು ಜನರಾದರೂ ಪಾಲುದಾರರಾಗಬಹುದು, ಕಾನೂನಿನಲ್ಲಿ ಮಿತಿ ಇಲ್ಲ. ಹೀಗೆ ಠೇವಣಿ ಎಂಬ ಪದ ಕಾಗದದಿಂದಲೇ ಮಾಯವಾಯಿತು. ಅದೇ ಆಗಸ್ಟ್‌ನಲ್ಲಿ ಮನ್ಸೂರ್ ಖಾನ್ ಅವರಿಗೆ ಸೇರಿದ ಕಟ್ಟಡದ ಮೇಲಿನ ಈಜುಕೊಳದಿಂದ ತನಿಖಾಧಿಕಾರಿಗಳು ಮುನ್ನೂರು ಕಿಲೋಗೂ ಹೆಚ್ಚು ನಕಲಿ ಚಿನ್ನದ ಬಿಸ್ಕತ್ತುಗಳನ್ನು ಹೊರತೆಗೆದರು. ಇಷ್ಟು ದೊಡ್ಡ ಸಂಸ್ಥೆಯಲ್ಲಿ ಲೆಕ್ಕ ಬರೆದವರು ಎಷ್ಟು ಜನರಿದ್ದಿರಬೇಕು, ನೀವೇ ಊಹಿಸಿ. ಎಲ್ಲರೂ ತಮ್ಮ ಒಂದು ಪುಟವನ್ನಷ್ಟೇ ನೋಡಿದ್ದರೇ?

“ನಾನು ಬರೀ ನೌಕರ” ಎಂಬ ಮಾತು ಎಷ್ಟರ ಮಟ್ಟಿಗೆ ರಕ್ಷಿಸುತ್ತದೆ ಎಂಬುದಕ್ಕೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಪ್ರಕರಣವನ್ನು ನೋಡಬೇಕು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ತಪ್ಪೊಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಹತ್ತು ಮಂದಿಗೆ ತಲಾ ಏಳು ವರ್ಷ ಶಿಕ್ಷೆ ವಿಧಿಸಿತು. ಆ ಹತ್ತರಲ್ಲಿ ಹಣಕಾಸು ವಿಭಾಗದ ಸಹಾಯಕ ಮ್ಯಾನೇಜರೂ ಒಬ್ಬರು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು, ಅದು ಬೇರೆ ಮಾತು.

ಹಾಗಾದರೆ ಲೆಕ್ಕದ ಪುಸ್ತಕವೊಂದಿದ್ದರೆ ಸಾಲದೇ, ಬರೆದವನು ಬಂದು ಏಕೆ ಹೇಳಬೇಕು? ಸಾಲದು. ವ್ಯಾಪಾರದಲ್ಲಿ ಕ್ರಮವಾಗಿ ಇಟ್ಟ ಲೆಕ್ಕಪುಸ್ತಕವನ್ನು ನ್ಯಾಯಾಲಯ ಪರಿಗಣಿಸುತ್ತದೆ. ಆದರೆ ಅದೊಂದರಿಂದಲೇ ಯಾರನ್ನೂ ಹೊಣೆ ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮು ಹೇಳಿದ್ದೂ ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾನೂನಿನಲ್ಲಿ ಅದು 28ನೇ ಕಲಮು. ಜೈನ್ ಹವಾಲಾ ಪ್ರಕರಣದಲ್ಲಿ 1991ರಲ್ಲಿ ಡೈರಿಗಳು ಸಿಕ್ಕಿದ್ದವು, ದೊಡ್ಡ ದೊಡ್ಡ ರಾಜಕಾರಣಿಗಳ ಹೆಸರಿನ ಗುರುತುಗಳೂ ಇದ್ದವು. 1998ರಲ್ಲಿ ಸುಪ್ರೀಂ ಕೋರ್ಟ್, ಬಿಡಿ ಹಾಳೆಗಳು ಲೆಕ್ಕಪುಸ್ತಕವಲ್ಲ, ಪುಸ್ತಕಕ್ಕೂ ಬೇರೆ ಸ್ವತಂತ್ರ ಆಧಾರ ಬೇಕು ಎಂದಿತು. ಆರೋಪ ನಿಲ್ಲಲಿಲ್ಲ. ತೂಕದ ಚೀಟಿ ಏಕಿಲ್ಲ ಎಂದು ಪುಸ್ತಕಕ್ಕೆ ಹೇಳಲು ಬರುವುದಿಲ್ಲ, ಬರೆದವನಿಗೆ ಬರುತ್ತದೆ.

ನಾನು ಅವನಿಗೆ ಹೇಳಿದ್ದು ಹೆಚ್ಚೇನಿಲ್ಲ. ಮೊದಲು ಒಬ್ಬ ವಕೀಲರನ್ನು ಕಾಣು. ಒಂದು ಹಾಳೆಯನ್ನೂ ಹರಿಯಬೇಡ, ಹಳೆಯ ಅಂಕಿಯನ್ನು ಈಗ ತಿದ್ದಬೇಡ. ಕಣ್ಣಾರೆ ಕಂಡದ್ದು ಬೇರೆ, ಕಿವಿಯಿಂದ ಕೇಳಿದ್ದು ಬೇರೆ, ಎರಡನ್ನೂ ಬೆರೆಸದೆ ಹೇಳು. ನೀನು ಬರೆದದ್ದನ್ನು ಬರೆದೆ ಎಂದೇ ಒಪ್ಪಿಕೋ.

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವುದರ ಬಗ್ಗೆ ಇದೆ ಎಂದು ಮಕ್ಕಳನ್ನು ಕೇಳಿದರೆ ನಮಾಝ್, ಉಪವಾಸ ಎನ್ನುತ್ತಾರೆ. ಅಲ್ಲ. ಅಲ್ ಬಕರ ಅಧ್ಯಾಯದ 282ನೆಯ ಆ ವಚನ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ಬರೆಯುವವನು ನ್ಯಾಯವಾಗಿ ಬರೆಯಬೇಕೆಂಬುದನ್ನು ನಾವು ಜುಮಾ ಪ್ರವಚನಗಳಲ್ಲಿ ಆಗಾಗ ಕೇಳಿದ್ದೇವೆ. ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದು ಎಂಬುದೂ ಅದೇ ವಚನದಲ್ಲಿದೆ. ಅದನ್ನು ಅಷ್ಟಾಗಿ ಕೇಳಿಲ್ಲ. ಈ ಹುಡುಗ ಹೇಳಿಕೆ ಕೊಟ್ಟು ಬಂದ ಮೇಲೆ ಮಾಲೀಕರ ಕಡೆಯವರು ಅವನನ್ನು ದ್ರೋಹಿ ಎಂದರು, ಹಣ ಕಳೆದುಕೊಂಡವರು ಕಳ್ಳ ಎಂದರು. ಮಸೀದಿಯ ಅಂಗಳದಲ್ಲಿ ಸಲಾಮ್ ಹೇಳುತ್ತಿದ್ದವರು ಮುಖ ತಿರುಗಿಸಿದ್ದನ್ನು ನಾನೇ ಕಂಡಿದ್ದೇನೆ.

ಪ್ರಕರಣ ಇನ್ನೂ ನಡೆದಿದೆ. ಅವನೀಗ ತಿಕೋಟಾದಲ್ಲಿ ಒಂದು ಗೊಬ್ಬರದಂಗಡಿಯ ಲೆಕ್ಕ ಬರೆಯುತ್ತಾನೆ, ಸಂಬಳ ಮೊದಲಿಗಿಂತ ಕಡಿಮೆ.

ಐಎಂಎ ಠೇವಣಿದಾರರ ಹಕ್ಕನ್ನು ಲೆಕ್ಕ ಹಾಕುವಾಗ ಅವರು ಪಡೆದ ‘ಲಾಭ’ವನ್ನು ಅಸಲಿನಿಂದ ಕಳೆಯಲಾಯಿತು. ಇಲ್ಲಿಯೂ ಹಾಗೇ ಆಗಬಹುದೆಂದು ವಕೀಲರು ಹೇಳಿದ್ದರಿಂದ ಬಬಲೇಶ್ವರದ ಖಾಲಾ ಒಂದು ರವಿವಾರ ರಸೀದಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಅವನ ಮನೆಗೇ ಬಂದರು. ಬೇರೆ ಯಾರಿಗೆ ಗೊತ್ತು ಆ ಲೆಕ್ಕ? ನಾನೂ ಇದ್ದೆ. ಅವನು ಒಂದೊಂದೇ ತಿಂಗಳು ಕಳೆಯುತ್ತಾ ಬಂದ. ಉಳಿದ ಮೊತ್ತ ಅವರು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಖಾಲಾ ಏನೂ ಅನ್ನಲಿಲ್ಲ. ಅಂಕಿಯನ್ನು ಎರಡು ಸಲ ಓದಿಸಿಕೊಂಡು, ಕೆಳಗೆ ಅವನ ಸಹಿ ಹಾಕಿಸಿ, ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡರು.