ಆರರಲ್ಲೊಂದು ಮೂಕವಾದಾಗ

ಶಿರಾಡಿ ಘಟ್ಟವನ್ನೇರುವ ಹಳೆಯ ಲಾರಿಯ ಸದ್ದಿನಲ್ಲಿ ಒಂದು ಲಯವುಂಟು. ಅದು ಒಮ್ಮೆಲೇ ಮುಗ್ಗರಿಸತೊಡಗಿದರೆ ಚಾಲಕನ ಎದೆಯೂ ಮುಗ್ಗರಿಸುತ್ತದೆ. ಗ್ಯಾರೇಜಿನವರು ಈ ವ್ಯಾಧಿಯನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಆ ಒಂದು ಲಾರಿಯಿಂದಲೇ ಸಂಸಾರ ಸಾಗಿಸುವ ಮಾಲಿಕನ ಕಣ್ಣೆದುರು ಆಗಲೇ ಎಂಜಿನ್ ಬಿಚ್ಚುವ ಖರ್ಚು ಬಂದು ನಿಲ್ಲುತ್ತದೆ. ಆದರೆ ಬಿಚ್ಚುವ ಮಾತು ಕೊನೆಯದು. ಮೊದಲು ಬೇಕಾದುದು ಕಿವಿ ಮತ್ತು ಒಂದು ಸ್ಪ್ಯಾನರ್.

1954ರಿಂದ ಜಮ್ಷೆಡ್‌ಪುರದಲ್ಲಿ ತಯಾರಾದ ಟಾಟಾ-ಮರ್ಸಿಡಿಸ್ ಲಾರಿಗಳ ಕಾಲದಿಂದಲೂ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ನಮ್ಮ ರಸ್ತೆಗಳಿಗೆ ಚಿರಪರಿಚಿತ. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಹದಿನಾರು-ಹದಿನೇಳರಲ್ಲೊಂದು ಪಾಲಿಗೆ ಅದುಮುತ್ತದೆ. ಗಾಳಿ ಕಾದು ಉರಿಯಾಗುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಸಿಲಿಂಡರೊಂದು ಮೂಕವಾದರೆ ಗಾಳಿಯ ಒತ್ತಡವನ್ನೋ ಇಂಧನವನ್ನೋ ಶಂಕಿಸಬೇಕು.

ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತ ನಿಂತಿದ್ದಾಗ ಪ್ರತಿಯೊಂದು ಸಿಲಿಂಡರೂ ಸೆಕೆಂಡಿಗೆ ಐದು ಸಲ ಸಿಡಿಯುತ್ತದೆ. ಒಂದು ತಪ್ಪಿದರೆ ಸೆಕೆಂಡಿಗೆ ಐದು ಎಡವು. ಪಳಗಿದ ಕಿವಿಗೆ ಅಷ್ಟು ಧಾರಾಳವಾಯಿತು. ಎಡವು ಹೊತ್ತಿಗೊಂದು ರೀತಿ ಬದಲಾಗುತ್ತಿದ್ದರೆ ಇಂಧನದ ಕೊಳವೆಗೆ ಗಾಳಿ ಹೊಕ್ಕಿರಬಹುದು, ಇಲ್ಲವೇ ಫಿಲ್ಟರ್ ಕಟ್ಟಿರಬಹುದು. ಕಾದ ಎಂಜಿನ್ ಬಿಳಿಯ ಹೊಗೆಯುಗುಳಿದರೆ ಡೀಸೆಲ್ ಉರಿಯದೆ ಹೊರಬೀಳುತ್ತಿದೆಯೆಂದು ಶಂಕೆ. ನೀಲಿಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ.

ಮೂಕ ಸಿಲಿಂಡರನ್ನು ಗುರುತಿಸುವ ಉಪಾಯ ಸರಳವಾದುದು. ಎಂಜಿನ್ ನಡೆಯುತ್ತಿರುವಾಗಲೇ ಮೇಸ್ತ್ರಿಯು ನಾಜಲ್‌ಗಳಿಗೆ ಹೋಗುವ ಕೊಳವೆಗಳ ನಟ್ಟನ್ನು ಒಂದಾದ ಮೇಲೊಂದರಂತೆ ತುಸು ಸಡಿಲಿಸಿ ಮತ್ತೆ ಬಿಗಿಯುತ್ತಾನೆ. ದುಡಿಯುವ ಸಿಲಿಂಡರಿನ ನಟ್ಟು ಸಡಿಲಿದರೆ ಎಂಜಿನ್ ಇನ್ನಷ್ಟು ನಡುಗುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅದೇ ಮೈಗಳ್ಳ! ಬಳಿಕ ಅದರ ನಾಜಲನ್ನು ಪಕ್ಕದ್ದರೊಡನೆ ಅದಲುಬದಲು ಮಾಡಬೇಕು. ದೋಷ ನಾಜಲ್ಲನ್ನು ಹಿಂಬಾಲಿಸಿದರೆ ಅದನ್ನು ಬದಲಿಸಿದರಾಯಿತು. ಇಷ್ಟನ್ನೂ ಮಾಡದೆ ಊಹೆಯ ಮೇಲೆ ಪಂಪನ್ನೇ ಬಿಚ್ಚಿಸುವವರಿದ್ದಾರೆ. ಆ ಊಹೆಯ ಬೆಲೆಯನ್ನು ತೆರುವವನು ಮಾಲಿಕ. ಬೆಂಗಳೂರಿನ ಮೈಕೋ ಕಾರ್ಖಾನೆಯ ಹೆಸರು ಈ ಪಂಪು-ನಾಜಲ್‌ಗಳ ದೆಸೆಯಿಂದಲೇ ಲಾರಿಯವರಲ್ಲಿ ಮನೆಮಾತಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಎಚ್ಚರಿಕೆ ಬೇಕು. ನಾಜಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಮಾಂಸದೊಳಗಿಳಿಯಬಲ್ಲದು, ಕೈಯನ್ನೇ ಕಳೆಯಬೇಕಾದೀತು. ಈಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಂತೂ ಒತ್ತಡ ಇನ್ನೂ ಭೀಕರ. ಅವುಗಳ ನಟ್ಟನ್ನು ಹೀಗೆ ಸಡಿಲಿಸಲೇಕೂಡದು.

“ಹೇಗೂ ಐದು ದುಡಿಯುತ್ತಿವೆಯಲ್ಲ” ಎಂದು ಓಡಿಸುವುದೂ ಅಪಾಯವೇ. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಕೆಳಗಿನ ಎಣ್ಣೆಯನ್ನೂ ತೆಳುವಾಗಿಸುತ್ತದೆ. ನೂರಾರು ರೂಪಾಯಿಯ ಕೆಲಸ ಸಾವಿರಾರಕ್ಕೇರುತ್ತದೆ.

ನಾಜಲ್ ಬದಲಾಯಿಸಿದರೂ ದೋಷ ಅಲ್ಲೇ ಉಳಿದರೆ ಪಂಪಿನಿಂದ ಆ ಸಿಲಿಂಡರಿಗೆ ಡೀಸೆಲ್ ಬರುತ್ತಿದೆಯೇ ಎಂದು ನೋಡಿ, ಬಳಿಕ ಒತ್ತಡವನ್ನು ಅಳೆಯಬೇಕು. ಅಕ್ಕಪಕ್ಕದ ಎರಡರಲ್ಲೂ ಒತ್ತಡ ಕುಸಿದಿದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಒಂದರಲ್ಲಿ ಮಾತ್ರವಾದರೆ ವಾಲ್ವು ಅಥವಾ ರಿಂಗು. ಹೆಡ್ ಬಿಚ್ಚುವ ಮಾತು ಬರುವುದು ಆಗ.