ಲೋಳೆ ಕದಡಿದರೆ ಮದ್ದು ನಾಟುತ್ತದೆ

ನಂದಿಗುಡಿ ಕಡೆಯವರಿಗೆ ಹೊಳೆ ಎಂದರೆ ತುಂಗಭದ್ರೆ. ಉಕ್ಕಡಗಾತ್ರಿಯಲ್ಲಿ ಸ್ನಾನಕ್ಕಿಳಿಯುವವರು ಮೊದಲು ಕಾಲಿನಿಂದ ಕಲ್ಲು ತಡವುತ್ತಾರೆ. ಲೋಳೆಯ ಮೇಲೆ ಹೆಜ್ಜೆ ಬಿದ್ದರೆ ಜಾರಿದ್ದೇ. ಮೇಲೆ ಎಷ್ಟು ನೀರು ಹರಿದರೂ ಆ ಲೋಳೆ ಹೋಗುವುದಿಲ್ಲ, ಉಜ್ಜಬೇಕು. ಮನೆಯ ಕೊಡದ ಒಳಮೈಯದೂ ಅದೇ ಕತೆ.

ಲೋಳೆಯಲ್ಲಿ ಪಾಚಿಯೊಂದೇ ಇಲ್ಲ, ಬ್ಯಾಕ್ಟೀರಿಯಾಗಳೂ ಇವೆ. ಸಿಕ್ಕ ಮೇಲ್ಮೈಗೆ ಕಚ್ಚಿಕೊಂಡು, ತಾವೇ ಅಂಟು ಸ್ರವಿಸಿ, ಅದರೊಳಗೆ ಗುಂಪಾಗಿ ಬಾಳುವ ಈ ಸಂಸಾರಕ್ಕೆ ಬಯೋಫಿಲ್ಮ್ ಎಂದು ಹೆಸರು. ಕಲ್ಲಾದರೇನು, ಮೂತ್ರದ ಕ್ಯಾಥೆಟರ್ ಆದರೇನು, ಕೃತಕ ಮಂಡಿಯಾದರೇನು, ಅವಕ್ಕೆ ಎಲ್ಲವೂ ಒಂದೇ. ಒಂಟಿಯಾಗಿ ತೇಲುವ ರೋಗಾಣುವನ್ನು ತಡೆಯುವ ಆಂಟಿಬಯೋಟಿಕ್‌ನ ಸಾವಿರ ಪಟ್ಟು ಸುರಿದರೂ ಬಯೋಫಿಲ್ಮ್ ಜಗ್ಗದಿರಬಹುದು. ಅಷ್ಟು ಮದ್ದನ್ನು ರೋಗಿಯ ಮೂತ್ರಪಿಂಡ ತಾಳಬೇಕಲ್ಲ! ಅಂಟು ಮದ್ದನ್ನು ತಡೆಯುತ್ತದೆ ಎಂಬುದು ಅರ್ಧ ಕಾರಣ. ಒಳಪದರದ ಜೀವಿಗಳು ಆಹಾರ, ಆಮ್ಲಜನಕ ಸಾಲದೆ ಅರೆನಿದ್ದೆಯಲ್ಲಿರುತ್ತವೆ. ಬೆಳೆಯುತ್ತಿರುವ ಕೋಶಗಳ ಮೇಲೆಯೇ ಚೆನ್ನಾಗಿ ಕೆಲಸ ಮಾಡುವ ಔಷಧಗಳು ಅಲ್ಲಿ ಸೋಲುತ್ತವೆ.

ದೇಹದೊಳಗೆ ಕೈ ಹಾಕಿ ಉಜ್ಜಲಾಗದು. ಬಾಯಲ್ಲಿ ಮಾತ್ರ ಆ ಅನುಕೂಲವಿದೆ. ದಾವಣಗೆರೆಯ ದಂತ ಕಾಲೇಜುಗಳಲ್ಲಿ ಹಲ್ಲು ಕ್ಲೀನ್ ಮಾಡಿಸಿಕೊಂಡವರಿಗೆ ಆ ಕೀರಲು ಸದ್ದಿನ ಉಪಕರಣ ನೆನಪಿದ್ದೀತು. ಅದರ ತುದಿ ಸಾಮಾನ್ಯವಾಗಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಅದುರುತ್ತದೆ. ಅದು ಕೀಳುವ ಹಲ್ಲಿನ ಪಾಚಿಯೂ ಬಯೋಫಿಲ್ಮೇ.

ದೇಹದೊಳಗಿನ ಲೋಳೆಯನ್ನು ಮುಟ್ಟದೆಯೇ ಅದುರಿಸಬಹುದೇ? ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಪಿಟ್ ಅವರ ತಂಡ 1990ರ ದಶಕದಲ್ಲಿ ಹೀಗೆ ಯೋಚಿಸಿತು. ಕಿವಿಗೆ ಕೇಳದ ಅಲ್ಟ್ರಾಸೌಂಡ್ ಅಲೆಯ ಜೊತೆ ಜೆಂಟಾಮೈಸಿನ್ ಕೊಟ್ಟಾಗ, ಮದ್ದೊಂದನ್ನೇ ಕೊಟ್ಟಾಗಿನದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಸತ್ತವು. ಮೊಲಗಳ ಮೇಲೂ ಪ್ರಯೋಗ ನಡೆಯಿತು. ನನಗೆ ಸೋಜಿಗವೆನಿಸುವುದು ಇದು: ಮೆಲುವಾದ ಆ ಅಲೆ ತಾನೊಂದೇ ಹೆಚ್ಚೇನನ್ನೂ ಕೊಲ್ಲಲಿಲ್ಲ. ಲೋಳೆಯನ್ನು ಕುಲುಕಿ ಮದ್ದಿಗೆ ಸಹಾಯ ಮಾಡಿತು, ಅಷ್ಟೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಿಡಿದದ್ದು ಇದರ ಪಕ್ಕದ ದಾರಿ. ಸೂಕ್ಷ್ಮಜೀವಿ ವಿಜ್ಞಾನಿ ದೀಪಶಿಖಾ ಚಕ್ರವರ್ತಿ ಮತ್ತು ಏರೋಸ್ಪೇಸ್ ಎಂಜಿನಿಯರಿಂಗಿನ ಜಿ. ಜಗದೀಶ್ ಜೊತೆಗೂಡಿದರು. ಸೂಪರ್‌ಸಾನಿಕ್ ವಿಮಾನದಿಂದ ಹುಟ್ಟುವಂಥ ಆಘಾತ ತರಂಗವನ್ನು ಪುಟ್ಟದಾಗಿ ಹುಟ್ಟಿಸಿ ಕ್ಯಾಥೆಟರಿನ ಲೋಳೆಗೆ ಬಡಿದರು. ಅಲ್ಟ್ರಾಸೌಂಡ್ ಬಿಡದೆ ಅದುರುವ ಅಲೆಯಾದರೆ, ಇದು ಒಂದೇ ಏಟು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾಲ್ಮೊನೆಲ್ಲಾ, ಸ್ಯೂಡೊಮೊನಾಸ್, ಸ್ಟೆಫಿಲೊಕಾಕಸ್‌ಗಳ ಲೋಳೆ ಕಿತ್ತುಬಂತು. ಶ್ವಾಸಕೋಶದ ಸೋಂಕಿದ್ದ ಇಲಿಗಳಲ್ಲೂ, ಚರ್ಮದ ಹೊಲಿಗೆಗೆ ಸೋಂಕು ತಗುಲಿದ್ದ ಇಲಿಗಳಲ್ಲೂ ಸಿಪ್ರೊಫ್ಲಾಕ್ಸಾಸಿನ್ ಒಂದೇ ಕೊಟ್ಟಾಗ ಫಲವಿರಲಿಲ್ಲ. ತರಂಗ ಬಡಿದ ಮೇಲೆ ಅದೇ ಮದ್ದು ನಾಟಿತು.

ಇಲಿಯಿಂದ ಮನುಷ್ಯನಿಗೆ ದಾರಿ ದೂರ. ಅದರಲ್ಲೊಂದು ತೊಡಕೂ ಇದೆ. ಕಲ್ಲಿನಿಂದ ಕಿತ್ತ ಲೋಳೆ ಹೊಳೆಯಲ್ಲಿ ಕೆಳಕ್ಕೆ ತೇಲಿ ಹೋಗುವಂತೆ, ಒಡೆದ ಬಯೋಫಿಲ್ಮಿನ ಚೂರು ರಕ್ತಕ್ಕೆ ಸೇರಿ ಇನ್ನೆಲ್ಲೋ ಬೇರೂರಬಹುದು. ಹಾಗಾಗಿ ಅಲೆ ಬಡಿಯುವ ಹೊತ್ತಿಗೆ ಮದ್ದು ಆಗಲೇ ಅಲ್ಲಿ ಕಾದು ಕೂತಿರಬೇಕು.