ರಾಣಿ ಒಲಿದಳು, ರಾಕೆಟ್ ಮುನಿಯಿತು

ಜೋಗದ ಮಳೆಗಾಲದಲ್ಲಿ ಮಂಜಿನದೇ ಆಡಳಿತ. ವೀಕ್ಷಣಾ ಕಟ್ಟೆಯ ಕಂಬಿಗೆ ಆತು ನಿಂತವರ ಎದುರಿಗೆ ಬರೀ ಬಿಳುಪು, ಅದರಾಚೆಯಿಂದ ನೀರಿನ ಮೊರೆತ. ಹಿಂದೆ ಕೆಂಡದ ಮೇಲೆ ಜೋಳದ ತೆನೆ ಚಟಪಟ ಸಿಡಿಯುತ್ತಿದೆ. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಮಂಜು ಕಣಿವೆಯಿಂದ ಮೇಲೆದ್ದು ಸರಿಯುತ್ತಿದ್ದಂತೆ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಧಾರೆಗಳು ಒಟ್ಟಿಗೇ ಪ್ರತ್ಯಕ್ಷ! ‘ಬಂತು, ಬಂತು’ ಎಂಬ ಕೂಗಿನೊಂದಿಗೆ ಸಾಲು ಸಾಲು ಫೋನುಗಳು ಮೇಲೇಳುತ್ತವೆ.

ಒಬ್ಬಳು ಹುಡುಗಿ ಮಾತ್ರ ಫೋನು ಎತ್ತುವುದಿಲ್ಲ. ಅವಳದು ಆಗಲೇ ಗಿಡ್ಡ ಟ್ರೈಪಾಡಿನ ಮೇಲೆ ಕೂತಿದೆ. ಟ್ರೈಪಾಡ್ ಇರುವುದು ನೆಲದ ಮೇಲೆ. ಕಂಬಿಗೆ ತಾಗಿಸಿದರೆ ಯಾರೋ ಒರಗಿದಾಗ ಚಿತ್ರವೂ ನಡುಗುತ್ತದೆ. ದುಪ್ಪಟ್ಟಾದ ಅಂಚಿನಿಂದ ಲೆನ್ಸಿನ ಮೇಲಿನ ತುಂತುರು ಒರೆಸುತ್ತಾಳೆ. ಪ್ರೊ ಮೋಡ್, ಐಎಸ್‌ಒ 50, ಶಟರ್ ಅರ್ಧ ಸೆಕೆಂಡು. ಬೆರಳು ತಾಗಿದ ಅಲುಗಾಟವೂ ಬೇಡವೆಂದು 2 ಸೆಕೆಂಡಿನ ಟೈಮರ್.

ಜಲಪಾತದ ಪಕ್ಕದಲ್ಲೇ ನಿಂತಿದ್ದರೆ ಕಾಲು ಸೆಕೆಂಡಿಗೇ ನೀರು ನವಿರಾಗುತ್ತಿತ್ತು. ಇಲ್ಲಿ ನಡುವೆ ಕಣಿವೆಯಿದೆ. ದೂರದ ನೀರು ಪರದೆಯ ಮೇಲೆ ನಿಧಾನಕ್ಕೆ ಇಳಿದಂತೆ ಕಾಣುವುದರಿಂದ ಹೆಚ್ಚು ಹೊತ್ತು ಬೇಕು. ಹೆಚ್ಚು ಹೊತ್ತೆಂದರೆ ಹೆಚ್ಚು ಬೆಳಕು. ಬಹುತೇಕ ಫೋನುಗಳಲ್ಲಿ ಲೆನ್ಸಿನ ಕಿಂಡಿ ಕಿರಿದಾಗುವುದಿಲ್ಲ. ಹಾಗೇ ಬಿಟ್ಟರೆ ಮೋಡ ಕವಿದ ಈ ಬೆಳಗಿನಲ್ಲೂ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಹಾಗಾಗಿ ಕಪ್ಪುಗಾಜಿನ ಎನ್‌ಡಿ ಫಿಲ್ಟರ್ ಲೆನ್ಸಿನ ಮುಂದೆ ಕೂತಿದೆ.

ಪಕ್ಕದ ಯುವಕನ ಐಫೋನ್ ಹಿಡಿದಿರುವುದು ಬೇರೆ ದಾರಿ. ಲೈವ್ ಫೋಟೊದಲ್ಲಿ ದಾಖಲಾದ ಸುಮಾರು 3 ಸೆಕೆಂಡುಗಳ ದೃಶ್ಯವನ್ನು ಒಂದರ ಮೇಲೊಂದು ಬೆರೆಸಿ ಒಂದೇ ಚಿತ್ರ ಮಾಡಿಕೊಡುವ ಸೌಲಭ್ಯ ಅದರಲ್ಲಿ 2017ರಿಂದಲೂ ಇದೆ. ಆದರೆ ಎದುರಿಗಿರುವುದು 253 ಮೀಟರ್ ಎತ್ತರ. ಗಾಳಿಯ ತಡೆಯೇ ಇಲ್ಲವೆಂದುಕೊಂಡರೂ ಒಂದು ಹನಿ ತಳ ಮುಟ್ಟಲು 7 ಸೆಕೆಂಡು ಬೇಕು. ಹನಿ ಅರ್ಧ ದಾರಿಯನ್ನೂ ತಲುಪುವ ಮೊದಲೇ ಫೋನಿನ ಕೆಲಸ ಮುಗಿದಿರುತ್ತದೆ!

ಟೈಮರ್ ಮುಗಿದು ಚಿತ್ರ ಮೂಡುತ್ತದೆ. ಹುಡುಗಿ ಎರಡು ಬೆರಳಿನಿಂದ ಹಿಗ್ಗಿಸುತ್ತಾಳೆ. ಬಂಡೆಗೆ ಅಂಟಿಕೊಂಡೇ ಇಳಿಯುವ ರಾಣಿಗೆ ಮಗ್ಗದಿಂದ ಆಗತಾನೇ ಬಿಚ್ಚಿದ ರೇಷ್ಮೆಯ ನಯ ಬಂದಿದೆ. ಬಂಡೆಯ ಒಂದೊಂದು ಮೆಟ್ಟಿಲೂ ನೀರಿನಡಿ ಮಬ್ಬಾಗಿ ಕಾಣುತ್ತದೆ. ಆಸರೆಯಿಲ್ಲದೆ ನೇರ ಧುಮುಕುವ ರಾಜನೂ ಗಂಭೀರನಾಗಿಯೇ ಇದ್ದಾನೆ. ರೋರರ್‌ನ ಆರ್ಭಟ ಕಿವಿಗಷ್ಟೇ ಮೀಸಲು. ಚಿತ್ರದಲ್ಲಿ ಅದು ಬಿಳಿ ಹೊಗೆ. ರಾಕೆಟ್‌ನದೇ ತಕರಾರು. ಬಂಡೆಗೆ ಬಡಿದು ಬಾಣಗಳಂತೆ ಚಿಮ್ಮುವುದೇ ಅದರ ಚೆಂದ. ಅರ್ಧ ಸೆಕೆಂಡಿನಲ್ಲಿ ಆ ಬಾಣಗಳೆಲ್ಲ ಕಲಸಿಹೋಗಿ, ರಾಕೆಟ್ ರಾಣಿಯ ತಂಗಿಯಾಗಿ ಕೂತಿದೆ.

ಯುವಕ ತನ್ನ ಪರದೆಯನ್ನೂ ತೋರಿಸಿ, ‘ನನ್ನದರಲ್ಲೂ ಹಾಗೇ ಆಗಿದೆ, ಯಾಕೆ?’ ಎನ್ನುತ್ತಾನೆ.

‘ಜಾರುವ ನೀರಿಗೆ ಇದು ಸರಿ, ಸಿಡಿಯುವ ನೀರಿಗೆ ಅಲ್ಲ’ ಎನ್ನುತ್ತಲೇ ಅವಳು ಫಿಲ್ಟರ್ ಕಳಚಿ ಶಟರನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಇಳಿಸುತ್ತಾಳೆ. ‘ಬೇಗ ತೆಗೀರಿ, ಮಂಜು ಮತ್ತೆ ಬರ್ತಿದೆ.’